ಮಳೆ ನಿಂತರೂ ಕರೆಂಟ್ ಬಾರದಿರುವುದೇಕೆ: ಬೆಸ್ಕಾಂ, ಜಿಬಿಎ ಮತ್ತು ಬೆಂಗಳೂರಿಗರಿಗೆ ಬಹಿರಂಗ ಪತ್ರ

ಬೆಸ್ಕಾಂ ವ್ಯವಸ್ಥಾಪಕ ನಿರ್ದೇಶಕರಿಗೆ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ (ಜಿಬಿಎ) ಮುಖ್ಯ ಆಯುಕ್ತರಿಗೆ, ಐದೂ ನಗರ ಪಾಲಿಕೆಗಳ ಆಯುಕ್ತರಿಗೆ, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ, ಮತ್ತು 1912ಕ್ಕೆ ಕರೆ ಮಾಡಿ ಕಾಯುವ ಎಲ್ಲ ಬಳಕೆದಾರರಿಗೆ.

ಮಾನ್ಯರೇ,

ಮುಂಗಾರುಪೂರ್ವ ಮಳೆ ಬೆಂಗಳೂರಿನಲ್ಲಿ ಅರ್ಧ ಮುಕ್ಕಾಲು ಗಂಟೆ ಹೊಡೆದು ನಿಲ್ಲುತ್ತದೆ. ಕರೆಂಟ್ ಮಾತ್ರ ಕೆಲವು ಬಡಾವಣೆಗಳಿಗೆ ಮರುದಿನ ಮಧ್ಯಾಹ್ನ ಬರುತ್ತದೆ. ತುಂಡಾದ ಒಂದು 11 ಕೆವಿ ತಂತಿಗೆ ಜಾಯಿಂಟ್ ಹಾಕಿ ಎಳೆದು ಕಟ್ಟಲು, ಸಾಮಾನು ಕೈಯಲ್ಲಿದ್ದು ಜನ ಸ್ಥಳದಲ್ಲಿದ್ದರೆ, ಸುಮಾರು ಒಂದು ಗಂಟೆ ಸಾಕು. ಒಡೆದ ಪಿನ್ ಇನ್ಸುಲೇಟರ್ (ತಂತಿಯ ಕರೆಂಟ್ ಕಂಬಕ್ಕೆ ಹರಿಯದಂತೆ ತಡೆಯುವ ಬಿಲ್ಲೆ) ಬದಲಿಸಲು ಅಷ್ಟೂ ಬೇಕಾಗದು. ಉಳಿದ ಗಂಟೆಗಳೆಲ್ಲ ಎರಡು ಕಡೆ ಕಳೆದುಹೋಗುತ್ತವೆ: ದೋಷ ಎಲ್ಲಿದೆ ಎಂದು ಕತ್ತಲಲ್ಲಿ ಹುಡುಕುವುದರಲ್ಲಿ, ಮತ್ತು ಮರ ಕಡಿಯುವವರು, ಕ್ರೇನ್, ಭೂಗತ ಕೇಬಲ್ಲಿನ ದೋಷ ಹುಡುಕುವ ಕೇಬಲ್ ವ್ಯಾನ್, ರಸ್ತೆ ಅಗೆಯುವ ಅನುಮತಿ, ಹೀಗೆ ಒಂದಲ್ಲ ಒಂದಕ್ಕಾಗಿ ಕಾಯುವುದರಲ್ಲಿ. ಈ ಎರಡನ್ನೂ ಮಳೆಗಾಲಕ್ಕೆ ಮೊದಲೇ ಕಡಿಮೆ ಮಾಡಬಹುದು. ಹೇಗೆಂದು ಹೇಳುವುದಕ್ಕೇ ಈ ಪತ್ರ. ಬರೆಯುತ್ತಿರುವವರು ವಿತರಣಾ ಜಾಲದ ಕೆಲಸ ಬಲ್ಲ ಎಂಜಿನಿಯರುಗಳು ಮತ್ತು ಮಾರ್ಗದಾಳುಗಳು.

ಮೊದಲು, ಗಾಳಿ ಬೀಸುವ ಮುನ್ನವೇ ಏಕೆ ಲೈನ್ ಟ್ರಿಪ್ ಆಗುತ್ತದೆ (ತಾನಾಗಿ ಬಂದ್ ಆಗುತ್ತದೆ) ಎಂಬುದು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ ತೀರಾ ಕಡಿಮೆ. ಕಟ್ಟಡ ಕಾಮಗಾರಿ, ಮೆಟ್ರೋ ಕಾಮಗಾರಿ, ಅಗೆದ ರಸ್ತೆಗಳ ಧೂಳೆಲ್ಲ ಇನ್ಸುಲೇಟರ್ ಮೇಲೆ ಕೂರುತ್ತದೆ. ಒಣಗಿದ್ದಾಗ ಆ ಧೂಳು ಏನೂ ಮಾಡದು. ಮೊದಲ ತುಂತುರು ಬಿದ್ದು ಒದ್ದೆಯಾದಾಗ ಅದೇ ವಿದ್ಯುತ್ ಹರಿಯುವ ದಾರಿಯಾಗುತ್ತದೆ. ಇನ್ಸುಲೇಟರ್ ಮೈಮೇಲೆ ಕಿಡಿ ಹಾರಿ ಫೀಡರ್ (ಉಪಕೇಂದ್ರದಿಂದ ಬಡಾವಣೆಗಳಿಗೆ ಬರುವ 11 ಕೆವಿ ಲೈನ್) ಟ್ರಿಪ್ ಆಗುತ್ತದೆ. ಜೋರು ಮಳೆ ಆ ಧೂಳನ್ನು ತೊಳೆದುಬಿಡುವುದರಿಂದ, ತುಂತುರು ಮಳೆಗೆ ಹೋದ ಕರೆಂಟ್ ಕೆಲವೊಮ್ಮೆ ಬಿರುಮಳೆಯಲ್ಲಿ ಮರಳಿ ಬಂದು ಉಳಿಯುತ್ತದೆ. ಪಿಂಗಾಣಿ ಇನ್ಸುಲೇಟರಿನ ಕೂದಲೆಳೆ ಬಿರುಕು ಇದಕ್ಕಿಂತ ಕಾಟ ಕೊಡುತ್ತದೆ. ನೀರಿಳಿದಾಗ ಮಾತ್ರ ದೋಷ, ಬಿಸಿಲು ಬಂದಾಗ ಲೈನ್ ಸರಿ. ನೆಲದ ಮೇಲೆ ನಿಂತು ನೋಡಿದರೆ ಅದು ಕಾಣುವುದಿಲ್ಲ. ‘ಟ್ರಿಪ್ ಆಯಿತು, ಚಾರ್ಜ್ ಮಾಡಿದೆವು (ಮತ್ತೆ ಕರೆಂಟ್ ಕೊಟ್ಟೆವು), ಉಳಿಯಿತು’ ಎಂದು ಪುಸ್ತಕದಲ್ಲಿ ಬರೆದು ಮರೆತರೆ ಮುಂದಿನ ಮಳೆಗೆ ಅದೇ ಕಂಬದಲ್ಲಿ ಅದೇ ದೋಷ ಕಾದಿರುತ್ತದೆ. ಹೀಗೆ ತಾನಾಗಿ ವಾಸಿಯಾದಂತೆ ಕಂಡ ಪ್ರತಿ ಟ್ರಿಪ್ಪಿನ ಮರುದಿನ, ಹಗಲಲ್ಲಿ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನ್ ಬಂದ್ ಮಾಡಿಸಿ ಕೆಲಸಕ್ಕೆ ಪಡೆಯುವ ಅನುಮತಿ) ಪಡೆದು, ಕಂಬ ಹತ್ತಿ, ಇನ್ಸುಲೇಟರುಗಳನ್ನು ಒರೆಸಿ ನೋಡುವ ಕೆಲಸ ನಡೆಯಬೇಕು. ಸಿಡಿಲಿಗೆ ಸತ್ತ ಲೈಟ್ನಿಂಗ್ ಅರೆಸ್ಟರ್ ಕೂಡ ಇದೇ ಜಾತಿಯ ಕಳ್ಳ. ಸಿಡಿಲನ್ನು ಭೂಮಿಗೆ ಇಳಿಸಿ ತಾನು ಸುಟ್ಟುಕೊಂಡು ಅದೇ ಒಂದು ಭೂದೋಷವಾಗಿ (ಕರೆಂಟ್ ಭೂಮಿಗೆ ಹರಿಯುವ ದೋಷ) ಉಳಿಯುತ್ತದೆ. ಹೊರಗಿನ ಮೈ ನೋಡಲು ಚೆನ್ನಾಗಿಯೇ ಇರುತ್ತದೆ; ಜಂಪರ್ (ಲೈನಿಗೆ ಜೋಡಿಸುವ ತುಂಡು ತಂತಿ) ಬಿಡಿಸಿ ಮೆಗ್ಗರ್ (ನಿರೋಧನ ಅಳೆಯುವ ಉಪಕರಣ) ಇಟ್ಟಾಗಲೇ ನಿಜ ತಿಳಿಯುವುದು.

ಇನ್ನು ಉಪಕೇಂದ್ರದಲ್ಲಿ ಏನಾಗುತ್ತದೆ ನೋಡಿ. 66/11 ಕೆವಿ ಸ್ಟೇಷನ್ನಿನಲ್ಲಿ ಫೀಡರ್ ಬ್ರೇಕರ್ (ಕರೆಂಟ್ ಕಡಿಯುವ ಸ್ವಿಚ್) ಬಿದ್ದಾಗ ಯಾವ ರಿಲೇ (ದೋಷ ಗುರುತಿಸಿ ಬ್ರೇಕರ್ ಬೀಳಿಸುವ ಉಪಕರಣ) ಕೆಲಸ ಮಾಡಿತು ಎಂಬುದು ಪ್ಯಾನೆಲ್ ಮೇಲೆ ಕಾಣುತ್ತದೆ. ಓವರ್‌ಕರೆಂಟ್ ಮಾತ್ರ ಬಂದಿದ್ದರೆ ಎರಡು ಫೇಸ್ ಒಂದಕ್ಕೊಂದು ತಾಗಿವೆ: ಗಾಳಿಗೆ ಸಡಿಲ ತಂತಿ ಬಡಿದಾಡಿದೆ, ಅಥವಾ ಕೊಂಬೆ ಅಡ್ಡಲಾಗಿ ಬಿದ್ದಿದೆ. ಅರ್ತ್‌ಫಾಲ್ಟ್ (ಭೂದೋಷ) ಬಂದಿದ್ದರೆ ಮರ ತಾಗಿದೆ, ಇನ್ಸುಲೇಟರ್ ಹೋಗಿದೆ, ತಂತಿ ಕ್ರಾಸ್‌ಆರ್ಮ್ ಮೇಲೆ ಬಿದ್ದಿದೆ ಅಥವಾ ಕೇಬಲ್ ಪಂಕ್ಚರ್ ಆಗಿದೆ. ಹೊಸ ನ್ಯೂಮರಿಕಲ್ ರಿಲೇಗಳು ಎಷ್ಟು ಆಂಪಿಯರ್ ಹರಿಯಿತು, ಯಾವ ಫೇಸ್ ಎಂಬುದನ್ನೂ ದಾಖಲಿಸುತ್ತವೆ. ಆ ಅಂಕಿಯಿಂದ ದೋಷ ಸ್ಟೇಷನ್ನಿನ ಹತ್ತಿರವೋ ದೂರವೋ ಎಂದು ಅಂದಾಜಿಸಬಹುದು: ಸಾವಿರಾರು ಆಂಪಿಯರ್ ಎಂದರೆ ಹತ್ತಿರ, ಕೆಲವು ನೂರು ಎಂದರೆ ತುದಿಯ ಕಡೆ. ಈ ಮಾಹಿತಿ ಸ್ಟೇಷನ್ ಆಪರೇಟರಿನ ಲಾಗ್‌ಬುಕ್ಕಿನಲ್ಲೇ ಕೂತರೆ ಪ್ರಯೋಜನವಿಲ್ಲ. ಸ್ಟೇಷನ್ ರಾಜ್ಯದ ವಿದ್ಯುತ್ ಪ್ರಸರಣ ನಿಗಮವಾದ ಕೆಪಿಟಿಸಿಎಲ್‌ನದು, ಲೈನ್ ಬೆಸ್ಕಾಂನದು. ಬ್ರೇಕರ್ ಬಿದ್ದ ಐದು ನಿಮಿಷದೊಳಗೆ ರಿಲೇ ಸೂಚನೆ ಮತ್ತು ಫಾಲ್ಟ್ ಕರೆಂಟ್ ಎರಡೂ ಸೆಕ್ಷನ್ ಅಧಿಕಾರಿಯ ಮತ್ತು ಲೈನಿನ ಮೇಲಿರುವವರ ಫೋನಿಗೆ ಹೋಗಲೇಬೇಕು ಎಂಬ ನಿಯಮ ಮಾಡಿ. ಇದಕ್ಕೆ ಹೊಸ ಖರ್ಚಿಲ್ಲ.

ಈಗ ಎಲ್ಲಕ್ಕಿಂತ ಗಂಭೀರ ವಿಷಯ. ತಂತಿ ತುಂಡಾಗಿ ನೆಲಕ್ಕೆ ಬಿದ್ದರೆ ಕರೆಂಟ್ ತಾನಾಗಿ ಕಟ್ ಆಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಅದು ಖಚಿತವಲ್ಲ. ಫೀಡರಿನ ಸಿಟಿ (ರಿಲೇಗೆ ಕರೆಂಟ್ ಅಳೆದು ಕೊಡುವ ಟ್ರಾನ್ಸ್‌ಫಾರ್ಮರ್) ಅನುಪಾತ 400/1 ಇದ್ದು ಭೂದೋಷ ರಿಲೇಯನ್ನು ಶೇ 20ಕ್ಕೆ ಹೊಂದಿಸಿದ್ದರೆ, ಭೂಮಿಗೆ 80 ಆಂಪಿಯರ್ ಹರಿಯುವ ತನಕ ಅದು ಅಲುಗುವುದಿಲ್ಲ. ಡಾಂಬರು, ಕಾಂಕ್ರೀಟ್ ಫುಟ್‌ಪಾತ್, ಒಣ ಮಣ್ಣಿನ ಮೇಲೆ ಬಿದ್ದ 11 ಕೆವಿ ತಂತಿಯಿಂದ ಹರಿಯುವುದು ಕೆಲವೇ ಆಂಪಿಯರ್. ಕೆಲವೊಮ್ಮೆ ಅಷ್ಟೂ ಇಲ್ಲ. ರಿಲೇಗೆ ಅದು ದೋಷವೆಂದೇ ತಿಳಿಯದು, ಮನುಷ್ಯನ ಪ್ರಾಣ ತೆಗೆಯಲು ಮಾತ್ರ ಅದರ ಸಣ್ಣ ಪಾಲೇ ಸಾಕು. 2023ರ ನವೆಂಬರ್ 19ರ ನಸುಕಿನಲ್ಲಿ ಹೋಪ್‌ಫಾರ್ಮ್ ಜಂಕ್ಷನ್ ಬಳಿ ಫುಟ್‌ಪಾತ್ ಮೇಲೆ ಬಿದ್ದಿದ್ದ ತಂತಿ ತುಳಿದು ತಾಯಿ ಮತ್ತು ಒಂಬತ್ತು ತಿಂಗಳ ಮಗು ಸತ್ತದ್ದು ಈ ನಗರಕ್ಕೆ ನೆನಪಿರಬೇಕು.

ತುಂಡಾದ ತಂತಿಯ ಎರಡು ತುದಿಗಳಲ್ಲಿ ಸ್ಟೇಷನ್ ಕಡೆಯದು ಮಾತ್ರ ಜೀವಂತ ಎಂಬುದೂ ತಪ್ಪು. ನಮ್ಮ ವಿತರಣಾ ಟಿಸಿಗಳ (ಬೀದಿಯ ಟ್ರಾನ್ಸ್‌ಫಾರ್ಮರ್‌ಗಳ) 11 ಕೆವಿ ಸುರುಳಿ ಡೆಲ್ಟಾ ಜೋಡಣೆಯಲ್ಲಿರುತ್ತದೆ. ಒಂದು ಫೇಸ್ ತುಂಡಾದರೂ ಉಳಿದೆರಡು ಫೇಸ್‌ಗಳಿಂದ ಆ ಸುರುಳಿಯ ಮೂಲಕ ವಿದ್ಯುತ್ ತಿರುಗಿ ಬಂದು, ಟಿಸಿ ಕಡೆ ಬಿದ್ದ ತುದಿಯನ್ನೂ ಜೀವಂತವಾಗಿಡುತ್ತದೆ. ಎರಡೂ ತುದಿ ಅಪಾಯ. ಹಾಗಾಗಿ ಗಾಳಿಮಳೆಯ ನಂತರ, ಲೈನ್ ನೋಡಿ ಬರದೆ ಮತ್ತೆ ಮತ್ತೆ ಟೆಸ್ಟ್ ಚಾರ್ಜ್ ಮಾಡುವ ಪದ್ಧತಿ ನಿಲ್ಲಬೇಕು. ಮಾಮೂಲಿ ದಿನದಲ್ಲಿ ಓವರ್‌ಹೆಡ್ ಫೀಡರ್ ಟ್ರಿಪ್ ಆದರೆ ಒಮ್ಮೆ ಚಾರ್ಜ್ ಮಾಡಿ ನೋಡುವುದು ಸರಿ. ಬಿರುಗಾಳಿಯ ಸಂಜೆ, ತಾನಾಗಿ ಮತ್ತೆ ಚಾರ್ಜ್ ಮಾಡುವ ಆಟೋ ರಿಕ್ಲೋಸ್ ಇದ್ದರೆ ಅದನ್ನು ಬಂದ್ ಮಾಡಿ. ತಂತಿ ಬಿದ್ದಿದೆ ಎಂದು 1912ಕ್ಕೆ ಒಂದೇ ಒಂದು ಕರೆ ಬಂದಿದ್ದರೂ ಆ ಫೀಡರ್ ಚಾರ್ಜ್ ಆಗಕೂಡದು. ಅಂಥ ಕರೆ ‘ಕರೆಂಟ್ ಇಲ್ಲ’ ಎನ್ನುವ ಸಾವಿರ ಕರೆಗಳ ಸಾಲಿನಲ್ಲಿ ನಿಲ್ಲಬಾರದು. ಅದಕ್ಕೆ ಬೇರೆ ಬಟನ್, ಬೇರೆ ಸಿಬ್ಬಂದಿ, ನೇರ ಸ್ಟೇಷನ್ನಿಗೆ ಮುಟ್ಟುವ ದಾರಿ ಬೇಕು.

ಬೆಂಗಳೂರಿಗರೇ, ಬಿದ್ದ ತಂತಿ ಕಂಡರೆ ಕನಿಷ್ಠ 10 ಮೀಟರ್ ದೂರ ನಿಲ್ಲಿ, ಇತರರನ್ನೂ ನಿಲ್ಲಿಸಿ. ನೀರು ನಿಂತಿದ್ದರೆ ಇನ್ನೂ ದೂರ. ಆಗಲೇ ಹತ್ತಿರದಲ್ಲಿದ್ದರೆ ದೊಡ್ಡ ಹೆಜ್ಜೆ ಹಾಕಬೇಡಿ: ಎರಡು ಪಾದಗಳ ನಡುವಿನ ಅಂತರದಲ್ಲೇ ವೋಲ್ಟೇಜ್ ವ್ಯತ್ಯಾಸ ಇರುತ್ತದೆ. ಪಾದಗಳನ್ನು ಜೋಡಿಸಿಕೊಂಡು, ನೆಲದಿಂದ ಎತ್ತದೆ, ಜಾರಿಸುತ್ತಾ ಹಿಂದೆ ಸರಿಯಿರಿ. ಕಾರಿನ ಮೇಲೆ ಬಿದ್ದರೆ ಒಳಗೇ ಕುಳಿತು ಫೋನ್ ಮಾಡಿ. ಒಣ ಕೋಲಿನಿಂದ ಸರಿಸುತ್ತೇನೆ ಎಂದು ಹೋಗಬೇಡಿ, ಆ ಉಪಾಯ 11 ಕೆವಿ ಲೈನಿಗೆ ನಡೆಯುವುದಿಲ್ಲ.

ಹುಡುಕಾಟದ ವಿಷಯಕ್ಕೆ ಬರೋಣ. ಹತ್ತು ಕಿಲೋಮೀಟರ್ ಉದ್ದದ, ಕವಲುಗಳಿರುವ ಫೀಡರನ್ನು ರಾತ್ರಿ ಟಾರ್ಚ್ ಹಿಡಿದು ಕಂಬದಿಂದ ಕಂಬಕ್ಕೆ ನಡೆದು ನೋಡಲು ಇಬ್ಬರಿಗೆ ಬೆಳಗಾಗುತ್ತದೆ. ಬಲ್ಲವರು ಹಾಗೆ ಮಾಡುವುದಿಲ್ಲ. ಫೀಡರಿನ ನಡುವಿನ ಜಿಒಎಸ್ (ಕಂಬದ ಮೇಲಿನ, ಕೈಯಿಂದ ತೆರೆಯುವ ಸ್ವಿಚ್) ಬಿಚ್ಚಿ, ಸ್ಟೇಷನ್ ಕಡೆಯ ಅರ್ಧವನ್ನು ನೋಡಿಬಂದು ಚಾರ್ಜ್ ಮಾಡಿಸುತ್ತಾರೆ. ಕರೆಂಟ್ ಉಳಿದರೆ ದೋಷ ಆಚೆಗಿದೆ, ಅರ್ಧ ಜನಕ್ಕೆ ಆಗಲೇ ಬೆಳಕು ಬಂತು. ಉಳಿದರ್ಧವನ್ನು ಮತ್ತೆ ಎರಡು ಮಾಡುತ್ತಾರೆ. ಮೂರು ನಾಲ್ಕು ಬಾರಿಗೆ ದೋಷ ಕೆಲವೇ ಕಂಬಗಳ ನಡುವೆ ಸಿಗುತ್ತದೆ. ಪಕ್ಕದ ಫೀಡರಿನ ಲಿಂಕ್ ಇದ್ದರೆ ಆಚೆಯ ಒಳ್ಳೆಯ ಭಾಗಕ್ಕೆ ಅಲ್ಲಿಂದ ಕೊಡಬಹುದು, ಆ ಫೀಡರ್ ಹೊರೆ ತಾಳುವಂತಿದ್ದರೆ.

ಇದೆಲ್ಲ ನಡೆಯಬೇಕಾದರೆ ಜಿಒಎಸ್ ಬಿಚ್ಚಿಕೊಳ್ಳಬೇಕು. ತುಕ್ಕು ಹಿಡಿದ ಹ್ಯಾಂಡಲ್, ಮುರಿದ ಡೌನ್‌ರಾಡ್, ಕಾವಿಗೆ ಅಂಟಿಹೋದ ಬ್ಲೇಡು, ಒಂದು ಫೇಸ್ ಬಿಚ್ಚಿ ಎರಡು ಹಾಗೇ ಉಳಿಯುವುದು: ಮಳೆಗಾಲದ ಒಂದು ರಾತ್ರಿ ಇವುಗಳಲ್ಲಿ ಒಂದಾದರೂ ಎದುರಾದರೆ ಗಂಟೆಗಟ್ಟಲೆ ಹೋಯಿತು. ಆಗ ಜಂಪರ್ ಕತ್ತರಿಸಿ ಲೈನ್ ಬೇರೆ ಮಾಡುತ್ತಾರೆ. ಮರುದಿನ ಮತ್ತೆ ಅದೇ ಜಂಪರ್ ಕಟ್ಟಬೇಕು, ತಂತಿ ಬಿಗಿದು ಹಿಡಿಯುವ ಪಿಜಿ ಕ್ಲಾಂಪ್ ಬದಲು ಕೈಯಲ್ಲಿ ಸುತ್ತಿದರೆ ಅಲ್ಲಿ ಬಿಸಿಯಾಗಿ ಇನ್ನೊಂದು ಬ್ರೇಕ್‌ಡೌನ್. ಪ್ರತಿ ಜಿಒಎಸ್ ಅನ್ನು ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಎಲ್‌ಸಿ ಪಡೆದು ಮೂರು ಬಾರಿ ತೆರೆದು ಮುಚ್ಚಿ, ಸಂಧಿಗಳಿಗೆ ಗ್ರೀಸ್ ಹಾಕಿ, ಮೂರೂ ಬ್ಲೇಡು ಒಟ್ಟಿಗೆ ಕೂರುವಂತೆ ಸರಿಪಡಿಸಿ, ಕಂಬಕ್ಕೆ ದಿನಾಂಕ ಬರೆದು ಹೋಗಬೇಕು. ಆರ್‌ಎಂಯು (ಕೇಬಲ್ ಫೀಡರಿನ ಸ್ವಿಚ್ ಪೆಟ್ಟಿಗೆ) ಇರುವ ಕಡೆ ಫಾಲ್ಟ್ ಪ್ಯಾಸೇಜ್ ಇಂಡಿಕೇಟರ್ ಇರುತ್ತದೆ. ದೋಷದ ಕರೆಂಟ್ ತನ್ನ ಮೂಲಕ ಹಾದುಹೋಗಿದ್ದರೆ ಅದು ಮಿನುಗುತ್ತದೆ. ಕೊನೆಯದಾಗಿ ಮಿನುಗಿದ ಆರ್‌ಎಂಯು ಮತ್ತು ಮಿನುಗದ ಮೊದಲ ಆರ್‌ಎಂಯು, ಇವೆರಡರ ನಡುವೆ ದೋಷ. ಇಷ್ಟು ಸುಲಭದ ಉಪಕರಣ ಕೆಲಸಕ್ಕೆ ಬಾರದಂತಾಗುವುದು ಒಳಗಿನ ಬ್ಯಾಟರಿ ಸತ್ತು ಹೋಗಿರುವುದರಿಂದ, ಇಲ್ಲವೇ ಹಿಂದಿನ ದೋಷದ ಸೂಚನೆಯನ್ನು ಯಾರೂ ರೀಸೆಟ್ ಮಾಡದಿರುವುದರಿಂದ. ದೂರದಿಂದ ನಿಯಂತ್ರಿಸುವ ಆರ್‌ಎಂಯು ಕೂಡ ಬ್ಯಾಟರಿ ಮತ್ತು ಸಿಮ್ ಕೈಕೊಟ್ಟರೆ ಬರೀ ಕಬ್ಬಿಣದ ಪೆಟ್ಟಿಗೆ. ಕೋಟಿಗಟ್ಟಲೆ ಖರ್ಚು ಮಾಡಿ ಕೂರಿಸಿದ ವ್ಯವಸ್ಥೆ ಒಂದು ಬ್ಯಾಟರಿಗಾಗಿ ನಿಲ್ಲುವುದು ನೋಡಿದರೆ ನೋವಾಗುತ್ತದೆ.

ಕಾಯುವಿಕೆಯಲ್ಲಿ ದೊಡ್ಡದು ಮರದ್ದು. ಜಯನಗರ, ಮಲ್ಲೇಶ್ವರ, ಬಸವನಗುಡಿ, ರಾಜಾಜಿನಗರಗಳ ಗುಲ್‌ಮೊಹರ್, ಕಾಪರ್‌ಪಾಡ್, ಮಳೆಮರಗಳನ್ನು ಕಡಿದುಹಾಕಿ ಎಂದು ನಾವು ಹೇಳುತ್ತಿಲ್ಲ. ಆ ನೆರಳು ಈ ಊರಿನ ಆಸ್ತಿ. ಹೇಳುವುದು ಬೇರೆ. ಮರ ಪಾಲಿಕೆಯ ಅರಣ್ಯ ವಿಭಾಗಕ್ಕೆ ಸೇರಿದ್ದು, 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಕೊಡುವವರು ಮರ ಅಧಿಕಾರಿ. ತಂತಿ ಬೆಸ್ಕಾಂಗೆ ಸೇರಿದ್ದು. ಲೈನಿನ ಮೇಲೆ ಮರ ಬಿದ್ದಾಗ ಮರದ ತಂಡ ‘ಲೈನ್ ಆಫ್ ಆಗಿದೆ ಎಂದು ಖಚಿತಪಡಿಸಿ’ ಎಂದು ಕಾಯುತ್ತದೆ, ಅದು ಸರಿಯೇ. ಲೈನಿನ ತಂಡ ‘ಮರ ತೆಗೆದ ಮೇಲೆ ಕರೆಯಿರಿ’ ಎಂದು ಇನ್ನೊಂದು ದೂರಿಗೆ ಹೋಗುತ್ತದೆ, ಅದೂ ಸರಿಯೇ. ಇಬ್ಬರೂ ಒಂದೇ ಸಮಯಕ್ಕೆ ಒಂದೇ ಮರದ ಬುಡದಲ್ಲಿ ನಿಲ್ಲದಿರುವುದರಿಂದ ರಾತ್ರಿ ಕಳೆಯುತ್ತದೆ. 2024ರ ಜೂನ್ 2ರ ಭಾನುವಾರ ಒಂದೇ ದಿನ 111.1 ಮಿ.ಮೀ. ಮಳೆ ಸುರಿದು ನಗರದುದ್ದಕ್ಕೂ ಮರಗಳು ಉರುಳಿದಂಥ ದಿನದಲ್ಲಿ ಈ ಕೊಂಡಿ ಪೂರ್ತಿ ಕಳಚಿಹೋಗುತ್ತದೆ.

ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಪ್ರತಿ ಬೆಸ್ಕಾಂ ಉಪವಿಭಾಗಕ್ಕೆ ಒಂದು ಜಂಟಿ ತಂಡ ಇರಲಿ, ಸಂಜೆ ನಾಲ್ಕರಿಂದ ರಾತ್ರಿ ಹನ್ನೆರಡರವರೆಗೆ, ಒಂದೇ ವಾಹನದಲ್ಲಿ: ಎಲ್‌ಸಿ ಪಡೆಯಲು ಅಧಿಕಾರವಿರುವ ಒಬ್ಬರು, ಇಬ್ಬರು ಪವರ್‌ಮ್ಯಾನ್, ಮರ ಕತ್ತರಿಸಬಲ್ಲ ಇಬ್ಬರು, ಎರಡು ಪವರ್ ಸಾ, ಎರಡು ಹಗ್ಗ, ಡಿಸ್ಚಾರ್ಜ್ ರಾಡ್, ಅರ್ತಿಂಗ್ ಸೆಟ್ ಎರಡು ಜೊತೆ, ಜನರೇಟರಿನ ಫ್ಲಡ್‌ಲೈಟ್. ಅದೇ ಗಾಡಿಯಲ್ಲಿ ನೂರು ಮೀಟರ್ ರ‍್ಯಾಬಿಟ್ ತಂತಿ, ಅದಕ್ಕೆ ತಕ್ಕ ಜಾಯಿಂಟ್ ಸ್ಲೀವ್ ಮತ್ತು ಕ್ರಿಂಪಿಂಗ್ ಉಪಕರಣ, ಒಂದು ಡಜನ್ ಪಿನ್ ಇನ್ಸುಲೇಟರ್, ಆರು ಡಿಸ್ಕ್, ಬೈಂಡಿಂಗ್ ತಂತಿ, ಪಿಜಿ ಕ್ಲಾಂಪ್, ಮೂರು 9 ಕೆವಿ ಅರೆಸ್ಟರ್. ಈ ಸಾಮಾನುಗಳಿಗಾಗಿ ರಾತ್ರಿ ಸ್ಟೋರಿನ ಬೀಗ ತೆಗೆಸಲು ಅಲೆಯುವುದು ತಪ್ಪಿದರೆ ಅದೊಂದೇ ದೊಡ್ಡ ಉಳಿತಾಯ. ಕೊಂಬೆ ಸವರುವ ಕೆಲಸವನ್ನು ಜನವರಿಯಿಂದ ಮಾರ್ಚ್ ಒಳಗೆ ಫೀಡರ್ ವಾರು ಪಟ್ಟಿ ಮಾಡಿ, ಅರಣ್ಯ ವಿಭಾಗದ ಅನುಮತಿಯೊಂದಿಗೆ, ಮರ ಬಲ್ಲವರ ಕೈಯಲ್ಲಿ ಮಾಡಿಸಿ. ತಂತಿಯ ಕಡೆಯ ಕೊಂಬೆಗಳನ್ನೇ ಕಡಿದು ಮರವನ್ನು ಒಂದೇ ಬದಿಗೆ ವಾಲಿಸಿದರೆ ಮುಂದಿನ ಗಾಳಿಗೆ ಆ ಮರವೇ ಬುಡಸಮೇತ ಬೀಳುತ್ತದೆ. ಮರ ದಟ್ಟವಾಗಿರುವ ಬೀದಿಗಳಲ್ಲಿ ಇನ್ನೂ ಬೆತ್ತಲೆ ಎಲ್‌ಟಿ (ಮನೆಗಳಿಗೆ ಬರುವ ಕಡಿಮೆ ವೋಲ್ಟೇಜಿನ) ತಂತಿ ಉಳಿದಿದ್ದರೆ ಎಬಿ ಕೇಬಲ್ (ಹೊದಿಕೆಯಿರುವ ತಂತಿಗಳ ಕಟ್ಟು) ಹಾಕಿ. ಎಲೆ ತಾಗಿದ್ದಕ್ಕೆಲ್ಲ ಟ್ರಿಪ್ ಆಗುವುದು ಅಲ್ಲಿಗೆ ನಿಲ್ಲುತ್ತದೆ. ಕಂಬಗಳಿಗೆ ಹೊರೆಹೊರೆಯಾಗಿ ಸುತ್ತಿರುವ ಟಿವಿ ಮತ್ತು ಇಂಟರ್ನೆಟ್ ಕೇಬಲ್‌ಗಳ ಮಾತನ್ನೂ ಇಲ್ಲೇ ಹೇಳಬೇಕು. ಅವುಗಳ ಮೇಲೆ ಕೊಂಬೆ ಬಿದ್ದರೆ ಕೇಬಲ್ ತುಂಡಾಗದು, ಕಂಬವನ್ನೇ ಎಳೆದು ಬೀಳಿಸುತ್ತದೆ.

ತುಂಡಾದ ತಂತಿಯನ್ನು ಹೇಗೆ ಸೇರಿಸುತ್ತಾರೆ ಎಂಬುದರ ಮೇಲೆ ಮುಂದಿನ ಮಳೆಯ ಕಥೆ ನಿಂತಿದೆ. ರ‍್ಯಾಬಿಟ್ ಎಂದು ಕರೆಯುವ ಎಸಿಎಸ್‌ಆರ್ ತಂತಿಯಲ್ಲಿ 3.35 ಮಿ.ಮೀ. ದಪ್ಪದ ಆರು ಅಲ್ಯುಮಿನಿಯಂ ಎಳೆ, ನಡುವೆ ಒಂದು ಉಕ್ಕಿನ ಎಳೆ. ಎಳೆತ ತಾಳುವುದರಲ್ಲಿ ಉಕ್ಕಿನ ಪಾಲು ದೊಡ್ಡದು. ಕೈಯಲ್ಲಿ ತಿರುಚಿ ಗಂಟು ಹಾಕಿದರೆ ಕರೆಂಟ್ ಹರಿಯುತ್ತದೆ, ಆದರೆ ಗಂಟು ಬಿಸಿಯಾಗುತ್ತದೆ, ಅಲ್ಯುಮಿನಿಯಂ ಮೆತ್ತಗಾಗುತ್ತದೆ, ಮುಂದಿನ ಗಾಳಿಗೆ ಅಲ್ಲೇ ತುಂಡಾಗುತ್ತದೆ. ಜಾಯಿಂಟಿನ ಬಲ ಮೂಲ ತಂತಿಯ ಬಲದ ಶೇ 95ಕ್ಕಿಂತ ಕಡಿಮೆ ಇರಬಾರದೆಂಬುದು ಹಳೆಯ ನಿಯಮ, ಅದನ್ನು ಸ್ಲೀವ್ ಹಾಕಿ ಕ್ರಿಂಪ್ ಮಾಡದೆ ಮುಟ್ಟಲಾಗದು. ಬಿರುಗಾಳಿಯ ರಾತ್ರಿ ಹಾಕಿದ ತಾತ್ಕಾಲಿಕ ಗಂಟುಗಳ ಪಟ್ಟಿಯನ್ನು ಮರುದಿನ ಬೆಳಿಗ್ಗೆ ಸೆಕ್ಷನ್ ಅಧಿಕಾರಿಯ ಮೇಜಿನ ಮೇಲಿಟ್ಟು, ವಾರದೊಳಗೆ ಅಷ್ಟನ್ನೂ ಬದಲಿಸಬೇಕು. ರಸ್ತೆ ದಾಟುವ ಅಂಕಣದಲ್ಲಿ (ಎರಡು ಕಂಬಗಳ ನಡುವಿನ ತಂತಿಯಲ್ಲಿ) ಜಾಯಿಂಟ್ ಬೇಡವೇ ಬೇಡ, ಇಡೀ ಅಂಕಣಕ್ಕೆ ಹೊಸ ತಂತಿ ಎಳೆಯಿರಿ. ಎಳೆದ ಮೇಲೆ ರಸ್ತೆಗೆ ಅಡ್ಡಲಾಗಿ 11 ಕೆವಿ ತಂತಿ ಕನಿಷ್ಠ 6.1 ಮೀಟರ್ ಎತ್ತರದಲ್ಲಿದೆಯೇ ಎಂದು ಅಳೆಯಿರಿ. ಅವಸರದಲ್ಲಿ ಸಡಿಲ ಬಿಟ್ಟ ತಂತಿ ಲಾರಿಗೆ ಸಿಕ್ಕುತ್ತದೆ. 9 ಮೀಟರ್ ಕಂಬವನ್ನು ಒಂದೂವರೆ ಮೀಟರ್ ಹೂಳಬೇಕು. ಚರಂಡಿ ಅಂಚಿನ ಸಡಿಲ ಮಣ್ಣಿನಲ್ಲಿ, ಕಾಂಕ್ರೀಟ್ ಹಾಕದೆ ಮೂರಡಿಗೇ ನಿಲ್ಲಿಸಿದ ಕಂಬ ಬಿದ್ದರೆ ಗಾಳಿಯನ್ನು ದೂರುವಂತಿಲ್ಲ.

ಟಿಸಿ ಸುಟ್ಟರೆ ಬದಲಿಸುವುದು ಕಷ್ಟದ ಕೆಲಸ. 250 ಕೆವಿಎ ಟಿಸಿ ಎಣ್ಣೆ ಸೇರಿ ಒಂದು ಟನ್ನಿಗೂ ಹೆಚ್ಚು ತೂಗುತ್ತದೆ, ಕ್ರೇನ್ ಇಲ್ಲದೆ ಆಗದು. ಅದರ ಪೂರ್ಣ ಹೊರೆಯಲ್ಲಿ 11 ಕೆವಿ ಕಡೆ ಹರಿಯುವುದು 13 ಆಂಪಿಯರ್, ಎಲ್‌ಟಿ ಕಡೆ 333. ಎಚ್‌ಜಿ ಫ್ಯೂಸಿನಲ್ಲಿ (ಟಿಸಿಯ 11 ಕೆವಿ ಕಡೆಯ ಫ್ಯೂಸ್) ಅಳತೆಯ ಫ್ಯೂಸ್ ತಂತಿ ಬದಲು ಎರಡು ಮೂರು ಅಲ್ಯುಮಿನಿಯಂ ಎಳೆ ಸುತ್ತಿದರೆ, ಎಲ್‌ಟಿ ಲೈನಿನಲ್ಲಿ ಶಾರ್ಟ್ ಆದಾಗ ಫ್ಯೂಸ್ ಹೋಗುವುದಿಲ್ಲ, ಟಿಸಿ ಹೋಗುತ್ತದೆ. ಹೊಸದನ್ನು ಕೂರಿಸುವ ಮೊದಲು ಎಲ್‌ಟಿ ಕಡೆಯ ದೋಷ ತೆಗೆದಿದ್ದೀರಾ, ಮೆಗ್ಗರ್ ನೋಡಿದ್ದೀರಾ, ಟಿಸಿಯೊಳಗೆ ಹೋಗುವ ಗಾಳಿಯ ತೇವ ಹೀರುವ ಬ್ರೀದರಿನ ಸಿಲಿಕಾ ಜೆಲ್ ನೀಲಿಯಿದೆಯೇ, ಅರ್ತ್ ಪಟ್ಟಿ ನಿಜವಾಗಿ ಗುಂಡಿಯವರೆಗೆ ಇದೆಯೇ ಅಥವಾ ಕಳುವಾಗಿದೆಯೇ ಎಂದು ನೋಡದೆ ಚಾರ್ಜ್ ಮಾಡಿದರೆ ಎರಡನೆಯ ಟಿಸಿಯೂ ಅದೇ ರಾತ್ರಿ ಸುಡುತ್ತದೆ.

ಭೂಗತ ಕೇಬಲ್ ಹಾಕಿದರೆ ಮಳೆಗಾಲದ ಕಷ್ಟವೆಲ್ಲ ಮುಗಿಯುತ್ತದೆ ಎಂಬ ಭರವಸೆ ಈ ನಗರಕ್ಕೆ ಬಹಳ ಸಲ ಸಿಕ್ಕಿದೆ. ಮರ ಬಿದ್ದು ಹೋಗುವ ಕರೆಂಟ್ ಕಡಿಮೆಯಾಗುವುದು ನಿಜ. ಆದರೆ ಕೇಬಲ್ ಕೆಟ್ಟಾಗ ದುರಸ್ತಿ ಓವರ್‌ಹೆಡ್ ಲೈನಿಗಿಂತ ಎಷ್ಟೋ ಪಟ್ಟು ನಿಧಾನ, ಅದನ್ನು ಯಾರೂ ಜನರಿಗೆ ಹೇಳುವುದಿಲ್ಲ. 11 ಕೆವಿ ಕೇಬಲ್ 0.9 ಮೀಟರ್ ಆಳದಲ್ಲಿ, ಮರಳಿನ ಹಾಸಿನ ಮೇಲೆ, ಇಟ್ಟಿಗೆ ಅಥವಾ ಹಲಗೆಯ ರಕ್ಷಣೆ ಹೊತ್ತು ಮಲಗಿರಬೇಕು. ಬೇಸಿಗೆಯಲ್ಲಿ ನೀರಿನ ಪೈಪಿಗೋ ಗ್ಯಾಸ್ ಪೈಪಿಗೋ ಫೈಬರ್ ಕೇಬಲ್ಲಿಗೋ ಅಗೆದವರ ಜೆಸಿಬಿ ಹಲ್ಲು ಅದರ ಹೊರಕವಚವನ್ನು ಗೀರಿ ಹೋಗಿರುತ್ತದೆ. ಅಂದು ಏನೂ ಆಗದು. ಮಣ್ಣು ಮುಚ್ಚಿ ಎಲ್ಲರೂ ಹೋಗುತ್ತಾರೆ. ಜೂನ್‌ನಲ್ಲಿ ಆ ಗಾಯದಿಂದ ನೀರಿಳಿದು ಕೇಬಲ್ ಸಿಡಿಯುತ್ತದೆ. ಇನ್ನು ಕೆಲವು ಸಿಡಿಯುವುದು ಜಾಯಿಂಟಿನಲ್ಲಿ, ಮಳೆಯಲ್ಲಿ ಛಾವಣಿ ಕಟ್ಟದೆ, ಬೆವರು ಕೈಯಲ್ಲಿ, ಅರೆಗಂಟೆಯಲ್ಲಿ ಮುಗಿಸಿದ ಜಾಯಿಂಟಿನಲ್ಲಿ.

ಕೇಬಲ್ ಫೀಡರಿಗೆ ಟೆಸ್ಟ್ ಚಾರ್ಜ್ ಎಂಬುದೇ ಇರಬಾರದು. ಗಾಳಿಯಲ್ಲಿರುವ ತಂತಿಯ ಕಿಡಿ ಆರಿದ ಮೇಲೆ ನಿರೋಧನ ಮರಳಿ ಬರುತ್ತದೆ. ಕೇಬಲ್ಲಿನಲ್ಲಿ ಒಮ್ಮೆ ಸುಟ್ಟದ್ದು ಸುಟ್ಟಿತು, ಪ್ರತಿ ಚಾರ್ಜ್ ಆ ತೂತನ್ನು ದೊಡ್ಡದು ಮಾಡಿ ಪಕ್ಕದ ಫೇಸನ್ನೂ ತಿನ್ನುತ್ತದೆ. ಸರಿಯಾದ ಕ್ರಮ ಹೀಗೆ: ಎರಡೂ ತುದಿ ಬಿಡಿಸಿ, ಡಿಸ್ಚಾರ್ಜ್ ಮಾಡಿ, 5 ಕೆವಿ ಮೆಗ್ಗರಿನಿಂದ ಯಾವ ಕೋರ್ (ಕೇಬಲ್ ಒಳಗಿನ ತಂತಿ) ಹೋಗಿದೆ ಎಂದು ಕಂಡುಕೊಳ್ಳುವುದು. ವ್ಯಾನಿನ ರಿಫ್ಲೆಕ್ಟೋಮೀಟರಿನಿಂದ ಎಷ್ಟು ಮೀಟರ್ ದೂರ ಎಂದು ಅಳೆಯುವುದು. ಆಮೇಲೆ ಸರ್ಜ್ ಜನರೇಟರಿನಿಂದ ಬಡಿತ ಕೊಟ್ಟು, ನೆಲದ ಮೇಲೆ ಮೈಕ್ ಇಟ್ಟು ‘ಢಬ್’ ಎನ್ನುವ ಜಾಗ ಗುರುತಿಸುವುದು. ಅಗೆದು, ತೇವ ತಾಗದ ಕೋರ್ ಸಿಗುವ ತನಕ ಎರಡೂ ಕಡೆ ಕತ್ತರಿಸಿ, ನಡುವೆ ತುಂಡು ಸೇರಿಸಿ ಎರಡು ಜಾಯಿಂಟ್ ಹಾಕುವುದು. ಮತ್ತೆ ಪರೀಕ್ಷೆ, ಫೇಸ್ ಹೊಂದಿಕೆ, ಚಾರ್ಜ್. ಒಂದೊಂದು ಜಾಯಿಂಟಿಗೂ ಗಂಟೆಗಳು ಬೇಕು, ಅಲ್ಲಿ ಅವಸರ ಮಾಡಿಸಬೇಡಿ. ಅವಸರ ಮಾಡಬೇಕಾದದ್ದು ಅದಕ್ಕೆ ಮೊದಲಿನ ಹಂತಗಳಲ್ಲಿ. ಕೇಬಲ್ ವ್ಯಾನ್ ಊರಿನ ಈ ತುದಿಯಿಂದ ಆ ತುದಿಗೆ ಟ್ರಾಫಿಕ್‌ನಲ್ಲಿ ಬರುವಂತಿರಬಾರದು, ಬೆಸ್ಕಾಂನ ಆಡಳಿತ ವೃತ್ತಕ್ಕೊಂದಾದರೂ ಇರಲಿ. ಕೇಬಲ್ ಹಾದಿಯ ನಕ್ಷೆ ಗುತ್ತಿಗೆದಾರನ ಮೇಸ್ತ್ರಿಯ ನೆನಪಿನಲ್ಲಿರದೆ ಸೆಕ್ಷನ್ ಕಚೇರಿಯ ಗೋಡೆಯ ಮೇಲಿರಲಿ. ತುರ್ತು ದುರಸ್ತಿಗೆ ರಸ್ತೆ ಅಗೆದು, ಮರುದಿನ ಪಾಲಿಕೆಗೆ ತಿಳಿಸಿ ಹಣ ಕಟ್ಟುವ ವ್ಯವಸ್ಥೆಯನ್ನು ಜಿಬಿಎ ಲಿಖಿತವಾಗಿ ಕೊಡಲಿ. ಬೇರೆ ಸಂಸ್ಥೆ ಅಗೆಯುವಾಗ ಬೆಸ್ಕಾಂನ ಒಬ್ಬರು ಸ್ಥಳದಲ್ಲಿರಬೇಕು. ಗೀರಿದ್ದನ್ನು ಅಂದೇ ಹೇಳಿದವರಿಗೆ ದಂಡ ಕಡಿಮೆ, ಮುಚ್ಚಿಟ್ಟವರಿಗೆ ದುಪ್ಪಟ್ಟು ಎಂದು ಮಾಡಿದರೆ ಹೇಳುವವರು ಹುಟ್ಟುತ್ತಾರೆ. ನೀರು ನಿಲ್ಲುವ ತಗ್ಗುಗಳಲ್ಲಿ ಆರ್‌ಎಂಯು ಮತ್ತು ಫೀಡರ್ ಪಿಲ್ಲರ್ ಪೆಟ್ಟಿಗೆಗಳ ಕಟ್ಟೆಯನ್ನು ಹಿಂದಿನ ಪ್ರವಾಹದ ಮಟ್ಟಕ್ಕಿಂತ ಮೇಲೆ ಎತ್ತಿ, ಬಾಗಿಲಿಗೆ ಬೀಗ, ಪೆಟ್ಟಿಗೆಗೆ ಗಟ್ಟಿ ಅರ್ತಿಂಗ್ ಇರಲಿ. ಫುಟ್‌ಪಾತಿನ ಪೆಟ್ಟಿಗೆಯ ಪಕ್ಕದಲ್ಲೇ ಮಕ್ಕಳು ಓಡಾಡುತ್ತಾರೆ.

ದುರಸ್ತಿ ಮುಗಿದ ಮೇಲೂ ಕರೆಂಟ್ ಬಂದು ಬಂದು ಹೋಗುವುದಕ್ಕೆ ಒಂದು ಕಾರಣವಿದೆ. ಆರು ಗಂಟೆ ಕತ್ತಲಿದ್ದ ಬಡಾವಣೆಗೆ ಒಮ್ಮೆಲೇ ಕೊಟ್ಟರೆ ಎಲ್ಲ ಫ್ರಿಜ್, ಎಲ್ಲ ಮೋಟಾರ್, ಎಲ್ಲ ಗೀಸರ್ ಒಟ್ಟಿಗೆ ಶುರುವಾಗುತ್ತವೆ. ಬರಿದಾದ ಯುಪಿಎಸ್ ಬ್ಯಾಟರಿಗಳೆಲ್ಲ ಚಾರ್ಜಿಗೆ ನಿಲ್ಲುತ್ತವೆ. ಮಾಮೂಲಿ ಹೊರೆಗಿಂತ ಬಹಳ ಹೆಚ್ಚು ಕರೆಂಟ್ ಹರಿದು ಫೀಡರ್ ಓವರ್‌ಲೋಡಿಗೆ ಬೀಳುತ್ತದೆ, ಅಥವಾ ಟಿಸಿ ಫ್ಯೂಸ್ ಹೋಗುತ್ತದೆ. ಫೀಡರನ್ನು ಭಾಗ ಭಾಗವಾಗಿ, ಹತ್ತು ನಿಮಿಷ ಬಿಟ್ಟು ಚಾರ್ಜ್ ಮಾಡುವುದು ಬೆಸ್ಕಾಂ ಕೆಲಸ. ಕರೆಂಟ್ ಹೋದಾಗ ಗೀಸರ್, ಎಸಿ, ಪಂಪ್ ಸ್ವಿಚ್ ಆರಿಸಿ, ಬಂದ ಕಾಲು ಗಂಟೆಯ ಮೇಲೆ ಹಾಕುವುದು ನಮ್ಮ ನಿಮ್ಮ ಕೆಲಸ. ಅಪಾರ್ಟ್‌ಮೆಂಟಿನವರು, ಕೇಬಲ್ ದುರಸ್ತಿಯ ನಂತರ ಲಿಫ್ಟ್ ಮತ್ತು ಪಂಪು ತಿರುಗುವ ದಿಕ್ಕು ಒಮ್ಮೆ ನೋಡಿ. ಎರಡು ಫೇಸ್ ಅದಲು ಬದಲಾಗಿದ್ದರೆ ಮೋಟಾರ್ ಹಿಂದು ಮುಂದಾಗಿ ತಿರುಗುತ್ತದೆ. ಡೀಸೆಲ್ ಜನರೇಟರಿಗೆ ಸರಿಯಾದ ಚೇಂಜ್‌ಓವರ್ ಇಲ್ಲದಿದ್ದರೆ ನಿಮ್ಮ ಕರೆಂಟ್ ಟಿಸಿಯ ಮೂಲಕ ಹಿಂದಕ್ಕೆ ಹೋಗಿ 11 ಕೆವಿಯಾಗಿ, ಆಫ್ ಆಗಿದೆ ಎಂದು ನಂಬಿ ಕಂಬ ಹತ್ತಿದವರನ್ನು ಕೊಲ್ಲುತ್ತದೆ.

1912ಕ್ಕೆ ‘ನಮ್ಮ ಏರಿಯಾದಲ್ಲಿ ಕರೆಂಟ್ ಇಲ್ಲ’ ಎಂದರೆ ಹುಡುಕುವವರಿಗೆ ಏನೂ ಸಿಗುವುದಿಲ್ಲ. ಬಿಲ್ಲಿನ ಮೇಲಿನ ಅಕೌಂಟ್ ಐಡಿ ಅಥವಾ ಆರ್‌ಆರ್ ಸಂಖ್ಯೆ, ಬೀದಿಯ ಟಿಸಿ ಮೇಲೆ ಬರೆದಿರುವ ಸಂಖ್ಯೆ, ಮತ್ತು ಏನು ಕಾಣುತ್ತಿದೆ ಎಂಬುದನ್ನು ಹೇಳಿ. ಇಡೀ ಬೀದಿ ಪೂರ್ತಿ ಕತ್ತಲೋ? ಮೂರು ಮನೆಗೊಂದು ಕತ್ತಲಾಗಿದ್ದು ಉಳಿದವು ಸರಿಯಿದ್ದರೆ ಟಿಸಿಯ ಒಂದು ಎಲ್‌ಟಿ ಫ್ಯೂಸ್ ಹೋಗಿದೆ. ಮೂರರಲ್ಲಿ ಒಂದು ಮನೆಗೆ ಸರಿಯಾಗಿ ಬಂದು ಉಳಿದೆರಡರಲ್ಲಿ ದೀಪ ಮಂಕಾಗಿದ್ದರೆ 11 ಕೆವಿ ಕಡೆಯ ಒಂದು ಫೇಸ್ ಇಲ್ಲ: ಫ್ಯೂಸ್ ಹೋಗಿದೆ, ಇಲ್ಲವೇ ಎಲ್ಲೋ ತಂತಿ ತುಂಡಾಗಿದೆ. ಹೀಗೆ ದೀಪ ಮಂಕಾಗುವುದು ತುರ್ತು ದೂರು. ಕೆಲವು ದೀಪ ಕಣ್ಣು ಕುಕ್ಕುವಷ್ಟು ಬೆಳಗಿ ಕೆಲವು ಮಂಕಾದರೆ ನ್ಯೂಟ್ರಲ್ ತುಂಡಾಗಿದೆ. 230 ವೋಲ್ಟ್ ಬರಬೇಕಾದ ಮನೆಗೆ 400ರ ಹತ್ತಿರ ಬರಬಹುದು. ಆ ಕ್ಷಣವೇ ಮೇನ್ ಆಫ್ ಮಾಡಿ, ಆಮೇಲೆ ಫೋನ್ ಮಾಡಿ. 1912ರ ಸಿಬ್ಬಂದಿಗೂ ಈ ನಾಲ್ಕು ಪ್ರಶ್ನೆಗಳನ್ನು ಕಲಿಸಿ, ಕಂಪ್ಯೂಟರಿನಲ್ಲಿ ಆ ಆಯ್ಕೆಗಳನ್ನೇ ಇಡಿ. ನೂರು ದೂರುಗಳನ್ನು ಟಿಸಿ ವಾರು ಜೋಡಿಸಿದರೆ ದೋಷದ ಜಾಗ ನಕ್ಷೆಯ ಮೇಲೆ ತಾನಾಗಿ ಕಾಣುತ್ತದೆ.

ಕಂಬ ಹತ್ತುವವರ ಬಗ್ಗೆ ಒಂದು ಮಾತು. ಎಲ್‌ಸಿ ಎಂದರೆ ಫೋನಿನಲ್ಲಿ ‘ಆಫ್ ಮಾಡಿದ್ದೇವೆ ಹತ್ತಿ’ ಎಂಬ ಮಾತಲ್ಲ. ಪಡೆದವರ ಹೆಸರು, ಸಮಯ, ಬಿಚ್ಚಿದ ಸ್ವಿಚ್, ಇಷ್ಟನ್ನು ಬರೆದುಕೊಂಡು, ಡಿಟೆಕ್ಟರಿನಲ್ಲಿ ನೋಡಿ, ಡಿಸ್ಚಾರ್ಜ್ ಮಾಡಿ, ಕೆಲಸದ ಜಾಗದ ಎರಡೂ ಬದಿಗೆ ಅರ್ತ್ ಕಟ್ಟಿದ ಮೇಲೆಯೇ ಕೈ ಇಡಬೇಕು. ಒಂದೇ ಕಂಬದಲ್ಲಿ ಎರಡು ಫೀಡರ್ ಇದ್ದರೆ ಎರಡಕ್ಕೂ ಎಲ್‌ಸಿ. ಗುತ್ತಿಗೆ ತಂಡದವರಿಗೂ ಇದೇ ನಿಯಮ, ಇದೇ ಗ್ಲೌಸ್, ಇದೇ ಬೆಲ್ಟ್. ಸಿಡಿಲು ಹೊಡೆಯುತ್ತಿರುವಾಗ ಹತ್ತುವುದಿಲ್ಲ ಎಂದವರನ್ನು ಸುತ್ತುವರಿದು ಬೈಯಬೇಡಿ. ಸ್ಟೇಷನ್ನಿಗೆ ನುಗ್ಗಿ ‘ಈಗಲೇ ಚಾರ್ಜ್ ಮಾಡು’ ಎಂದು ಆಪರೇಟರನ್ನು ಹೆದರಿಸುವ ಮುಖಂಡರಿಗೂ ಇದೇ ವಿನಂತಿ: ಆ ಲೈನಿನ ಇನ್ನೊಂದು ತುದಿಯಲ್ಲಿ ಯಾರೋ ಒಬ್ಬರು ತಂತಿ ಹಿಡಿದು ನಿಂತಿರುತ್ತಾರೆ.

ಆಯೋಗದ ಮುಂದೆ ನಮ್ಮ ಬೇಡಿಕೆ ಒಂದೇ. ಸೇವಾ ಮಾನದಂಡದ ಲೆಕ್ಕದಲ್ಲಿ ಈಗ ಒಟ್ಟು ಕತ್ತಲೆಯ ಗಂಟೆಗಳು ಬರುತ್ತವೆ. ಅದನ್ನು ನಾಲ್ಕು ತುಂಡು ಮಾಡಿ ಬರೆಯಲು ಆದೇಶಿಸಿ: ದೋಷ ಪತ್ತೆಗೆ ಎಷ್ಟು, ಇತರ ಸಂಸ್ಥೆಗಾಗಿ ಕಾದದ್ದೆಷ್ಟು, ಸಾಮಾನು ಮತ್ತು ವಾಹನಕ್ಕಾಗಿ ಕಾದದ್ದೆಷ್ಟು, ಕೈಕೆಲಸಕ್ಕೆ ಎಷ್ಟು. ಬೆಸ್ಕಾಂ ಇದನ್ನು ಫೀಡರ್ ವಾರು, ತಿಂಗಳಿಗೊಮ್ಮೆ, ಕನ್ನಡದಲ್ಲಿ ತನ್ನ ಜಾಲತಾಣದಲ್ಲಿ ಹಾಕಲಿ. ಬರುವ ಮಾರ್ಚ್ 31ರೊಳಗೆ ಪರೀಕ್ಷಿಸಿದ ಜಿಒಎಸ್‌ಗಳು, ಬ್ಯಾಟರಿ ಬದಲಿಸಿದ ಆರ್‌ಎಂಯುಗಳು, ಕೊಂಬೆ ಸವರಿದ ಬೀದಿಗಳು, ಜಂಟಿ ತಂಡಗಳ ಉಪವಿಭಾಗವಾರು ಪಟ್ಟಿಯೂ ಅದರ ಪಕ್ಕದಲ್ಲೇ ಇರಲಿ. ಪಟ್ಟಿ ಬಂದರೆ, ನಮ್ಮ ನಮ್ಮ ಬೀದಿಯ ಕಂಬದ ಮೇಲೆ ಬರೆದ ದಿನಾಂಕಗಳೊಂದಿಗೆ ಅದನ್ನು ಹೋಲಿಸಿ, ತಪ್ಪಿದ್ದಲ್ಲಿ ಬರೆದು ತಿಳಿಸುತ್ತೇವೆ.

ಇತಿ,
ವಿದ್ಯುತ್ ವಿತರಣೆಯ ಕೆಲಸ ಬಲ್ಲ ಬೆಂಗಳೂರಿನ ಕೆಲವು ಎಂಜಿನಿಯರುಗಳು ಮತ್ತು ಮಾರ್ಗದಾಳುಗಳು